ಈ ಸಲ ವೈನ್ ಸಿಹಿಯೇ ಆಗಿಲ್ಲ, ಸಕ್ಕರೆ ಎಲ್ಲಿ ಹೋಯ್ತು?

ಕಿಗ್ಗಟ್ಟುನಾಡಿನ ಸೊಸೆ:
ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ಹತ್ತಿರ ನಮ್ಮ ಮನೆ. ಹದಿನೈದು ವರ್ಷದಿಂದ ಅತ್ತೆ ಹೇಳಿಕೊಟ್ಟ ಅಳತೆಯಲ್ಲೇ ದ್ರಾಕ್ಷಿ ವೈನ್ ಮಾಡಿಕೊಂಡು ಬಂದಿದ್ದೇನೆ. 2 ಕೆಜಿ ಕಪ್ಪು ದ್ರಾಕ್ಷಿ, ಕುದಿಸಿ ಆರಿಸಿದ ನೀರು 4 ಲೀಟರ್, ಸಕ್ಕರೆ 2 ಕೆಜಿ, ಬೇಕರಿಯಿಂದ ತಂದ ಈಸ್ಟ್ ಒಂದು ಚಮಚ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ. ಭರಣಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ 21 ದಿನ. ದಿನಾ ಮರದ ಸೌಟಿನಲ್ಲಿ ಒಂದು ಸಲ ತಿರುಗಿಸುವುದು. ಇಷ್ಟು ವರ್ಷ ಒಂದು ಸಲವೂ ಕೈಕೊಟ್ಟಿಲ್ಲ.

ಈ ಸಲ ಎರಡು ಬದಲಾವಣೆ ಮಾಡಿದೆ. ಮಾವನಿಗೆ ಶುಗರ್ ಇದೆ ಅಂತ ಗೊತ್ತಾಯ್ತು, ಹಾಗಾಗಿ ಸಕ್ಕರೆಯನ್ನು ಒಂದೂಕಾಲು ಕೆಜಿಗೆ ಇಳಿಸಿದೆ. ಮಗ ಬೆಂಗಳೂರಿನಿಂದ ವೈನ್‌ಗೆಂದೇ ಮಾಡಿದ ಈಸ್ಟ್ ಪ್ಯಾಕೆಟ್ ತಂದಿದ್ದ, ಅದನ್ನೇ ಹಾಕಿದೆ. ನಿನ್ನೆ ಸೋಸಿ ರುಚಿ ನೋಡಿದರೆ ಒಂದು ಚೂರೂ ಸಿಹಿ ಇಲ್ಲ! ಬಾಯೆಲ್ಲ ಒಣಗಿದ ಹಾಗಾಗುತ್ತದೆ. ಮಗ “ಅಮ್ಮ, ಇದು ಡ್ರೈ ವೈನ್, ಬೆಂಗಳೂರಿನಲ್ಲಿ ಇದಕ್ಕೇ ದುಡ್ಡು ಜಾಸ್ತಿ” ಅಂತಾನೆ. ಮಾವ “ಇದು ವೈನಲ್ಲ, ಕಾಚಂಪುಳಿ” ಅಂತ ಲೋಟ ಪಕ್ಕಕ್ಕಿಟ್ಟರು.

ನನ್ನ ಪ್ರಶ್ನೆ ಇಷ್ಟೇ. ಸಕ್ಕರೆ ಕಮ್ಮಿ ಮಾಡಿದರೆ ಸಿಹಿ ಕಮ್ಮಿ ಆಗಬೇಕು, ಒಪ್ಪುತ್ತೇನೆ. ಪೂರ್ತಿ ಮಾಯ ಆಗಿದ್ದು ಹೇಗೆ? ಒಂದೂಕಾಲು ಕೆಜಿ ಸುರಿದದ್ದು ನನ್ನ ಕೈಯಾರೆ.

ಮಂಜಿನೂರು:
ಕುಡಿದವರ ತಲೆಗೆ ಹೋಯ್ತು ಅಕ್ಕ 😄

ಗೋಣಿಚೀಲ:
ಮಾವ ಹೇಳಿದ್ದು ಮಾತಿಗೆ ಚೆಂದ, ಆದರೆ ಕಾಚಂಪುಳಿ ಹಣ್ಣಿನ ರಸ ಇಳಿಸಿ ಕುದಿಸಿ ಗಟ್ಟಿ ಮಾಡಿದ್ದು. ಆ ಹುಳಿ ಹಣ್ಣಿನದೇ. ವೈನ್ ಕೆಟ್ಟರೆ ಆಗುವುದು ವಿನೆಗರ್. ಗಾಳಿ ಸಿಕ್ಕಿದಾಗ ಬೇರೆ ಬ್ಯಾಕ್ಟೀರಿಯಾ ಬಂದು ಆಲ್ಕೋಹಾಲನ್ನೇ ಹುಳಿ ಮಾಡುತ್ತವೆ. ಒಂದು ಸಲ ಮೂಸಿ ನೋಡಿ. ಮೂಗಿಗೆ ಚುರ್ ಅಂತ ಹೊಡೆದರೆ ವಿನೆಗರ್. ಹಣ್ಣಿನ ಘಮ ಇದ್ದರೆ ವೈನ್ ಸರಿಯಾಗಿಯೇ ಇದೆ.

ಕಿಗ್ಗಟ್ಟುನಾಡಿನ ಸೊಸೆ:
ಘಮ ಚೆನ್ನಾಗಿದೆ ಅಣ್ಣ. ಚುರ್ ಅನ್ನುವುದಿಲ್ಲ.

ಹಳೇ ಲ್ಯಾಬ್ ಮೇಷ್ಟ್ರು:
ಹಾಗಾದರೆ ಏನೂ ತಪ್ಪಿಲ್ಲ ಅಮ್ಮ. ಮಂಜಿನೂರಿನವರು ತಮಾಷೆಗೆ ಹೇಳಿದ್ದೇ ಸರಿ ಉತ್ತರ. ಸಕ್ಕರೆ ಆಲ್ಕೋಹಾಲ್ ಆಯ್ತು. ಪೂರ್ತಿ ಅಲ್ಲ. ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಲ್ಕೋಹಾಲ್ ಆಗುತ್ತದೆ, ಉಳಿದ ಅರ್ಧ ಗುಳ್ಳೆ ಗುಳ್ಳೆಯಾಗಿ ಗಾಳಿಗೆ ಹೋಗುತ್ತದೆ. 21 ದಿನ ಭರಣಿಯೊಳಗೆ ಬುಸುಬುಸು ಅಂತಿತ್ತಲ್ಲ, ಅದು ನಿಮ್ಮ ಸಕ್ಕರೆಯೇ.

ಈಸ್ಟ್‌ಗೆ ಸಕ್ಕರೆ ಊಟ. ಅದು ಊಟ ಮುಗಿಯುವ ತನಕ ತಿನ್ನುತ್ತದೆ, ಇಲ್ಲವೇ ತಾನು ಮಾಡಿದ ಆಲ್ಕೋಹಾಲ್ ತನಗೇ ವಿಷವಾಗಿ ಕೈಚೆಲ್ಲುವ ತನಕ ತಿನ್ನುತ್ತದೆ. ಊಟ ಪೂರ್ತಿ ಮುಗಿದರೆ ಡ್ರೈ. ಎಲೆಯಲ್ಲಿ ಉಳಿಸಿ ಎದ್ದರೆ ಸಿಹಿ. ನೀವು ಎಷ್ಟು ಬಡಿಸಿದಿರಿ ಅನ್ನುವುದರ ಜೊತೆಗೆ ಉಣ್ಣುವವನ ಹೊಟ್ಟೆ ಎಷ್ಟು ದೊಡ್ಡದು ಅಂತಲೂ ನೋಡಬೇಕು. ನೀವು ಒಂದೇ ಸಲಕ್ಕೆ ಎರಡನ್ನೂ ಬದಲಾಯಿಸಿದ್ದೀರಿ. ಬಡಿಸಿದ್ದು ಕಮ್ಮಿ, ಕರೆದದ್ದು ದೊಡ್ಡ ಹೊಟ್ಟೆಯವನನ್ನು.

ಲೆಕ್ಕ ಹಾಕೋಣ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿ ಹೋದರೆ ಶೇಕಡಾ 1 ಆಲ್ಕೋಹಾಲ್ ಬರುತ್ತದೆ. ಇದೊಂದು ನೆನಪಿಟ್ಟುಕೊಂಡರೆ ಸಾಕು.

ನಿಮ್ಮ ಅತ್ತೆಯವರ ಅಳತೆ: 2 ಕೆಜಿ ದ್ರಾಕ್ಷಿಯಿಂದ ಹೆಚ್ಚುಕಮ್ಮಿ 1.3 ಲೀಟರ್ ರಸ ಅಂತಿಟ್ಟುಕೊಳ್ಳಿ. ನೀರು 4 ಲೀಟರ್. ಕರಗಿದ 2 ಕೆಜಿ ಸಕ್ಕರೆ ತಾನೇ 1.2 ಲೀಟರಿನಷ್ಟು ಜಾಗ ಹಿಡಿಯುತ್ತದೆ. ಒಟ್ಟು 6.5 ಲೀಟರ್. ಸಕ್ಕರೆ 2 ಕೆಜಿ, ಜೊತೆಗೆ ದ್ರಾಕ್ಷಿಯದ್ದು ಒಂದು 200 ಗ್ರಾಂ. ಅಂದರೆ ಲೀಟರಿಗೆ ಸುಮಾರು 340 ಗ್ರಾಂ. ಬೇಕರಿ ಈಸ್ಟ್ ಶೇಕಡಾ 12ರ ಆಚೀಚೆ ಸುಸ್ತಾಗುತ್ತದೆ. 12 ಗುಣಿಸು 17, ಅಂದರೆ 204 ಗ್ರಾಂ ತಿಂದಿತು. ಉಳಿದದ್ದು 135 ಗ್ರಾಂ. ಕೋಲಾದಲ್ಲಿ ಲೀಟರಿಗೆ ಸುಮಾರು 105 ಗ್ರಾಂ ಇರುತ್ತದೆ. ನೀವು ಇಷ್ಟು ವರ್ಷ ಮಾಡಿದ್ದು ಅದಕ್ಕಿಂತ ಸಿಹಿ!

ಈ ಸಲದ್ದು: ಸಕ್ಕರೆ ಕಮ್ಮಿಯಾದ್ದರಿಂದ ಒಟ್ಟು 6 ಲೀಟರ್. ಅದರಲ್ಲಿ 1,450 ಗ್ರಾಂ. ಲೀಟರಿಗೆ 240. ಬೇಕರಿ ಈಸ್ಟ್ ಹಾಕಿದ್ದರೆ 35 ಗ್ರಾಂ ಆದರೂ ಉಳಿದು ಹದವಾದ ಸಿಹಿ ಇರುತ್ತಿತ್ತು. ನಿಮ್ಮ ಪ್ಯಾಕೆಟ್ ಮೇಲೆ ಏನು ಬರೆದಿದೆ?

ಕಿಗ್ಗಟ್ಟುನಾಡಿನ ಸೊಸೆ:
ಇಸಿ-1118 ಅಂತ ಇದೆ ಸರ್.

ಹಳೇ ಲ್ಯಾಬ್ ಮೇಷ್ಟ್ರು:
ಅದೇ ಅಂದುಕೊಂಡೆ. ಅದು ಶೇಕಡಾ 18ರ ತನಕ ತಡೆದುಕೊಳ್ಳುತ್ತದೆ. ನಿಮ್ಮ 240 ಗ್ರಾಂ ಪೂರ್ತಿ ತಿಂದರೂ ಆಗುವುದು 14. ಅದಕ್ಕೆ ಇನ್ನೂ ಹಸಿವಿರುವಾಗಲೇ ಅನ್ನ ಮುಗಿದಿದೆ.

ಇನ್ನೊಂದು ವಿಷಯ. ಸಕ್ಕರೆ ಕಮ್ಮಿ ಹಾಕಿದ್ದರಿಂದ ಅಮಲೂ ಕಮ್ಮಿ ಅಂತ ಅಂದುಕೊಳ್ಳಬೇಡಿ. ಹಳೆಯದು 12, ಇದು 14. ಸಿಹಿ ಇಲ್ಲವಲ್ಲ ಅಂತ ಯಾರೂ ಒಂದು ಲೋಟ ಜಾಸ್ತಿ ಕುಡಿಯುವುದು ಬೇಡ.

ಮಂಜಿನೂರು:
ಮಗ ಆಗಲೇ ಎರಡು ಜಾಸ್ತಿ ಕುಡಿದಿರುತ್ತಾನೆ ಸರ್.

ವೀಳ್ಯದೆಲೆ:
ಗೋಧಿ ಲೆಕ್ಕಕ್ಕೆ ಬರಲಿಲ್ಲವಲ್ಲ ಮೇಷ್ಟ್ರೇ? ನಮ್ಮ ಕಡೆ ಗೋಧಿ ಹಾಕಿದರೆ ಜೋರು ಬರುತ್ತದೆ ಅಂತಾರೆ.

ಹಳೇ ಲ್ಯಾಬ್ ಮೇಷ್ಟ್ರು:
ಗೋಧಿಯಲ್ಲಿ ಇರುವುದು ಪಿಷ್ಟ. ವೈನ್ ಈಸ್ಟ್ ಆಗಲಿ ಬೇಕರಿ ಈಸ್ಟ್ ಆಗಲಿ ಪಿಷ್ಟವನ್ನು ನೇರವಾಗಿ ತಿನ್ನಲಾರದು. ಬಿಯರ್ ಮಾಡುವವರು ಅದಕ್ಕೇ ಬಾರ್ಲಿ ಮೊಳಕೆ ಬರಿಸುತ್ತಾರೆ, ಮೊಳಕೆಯಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುವ ದಾರಿ ತೆರೆಯುತ್ತದೆ. ನಿಮ್ಮ ಹಿಡಿ ಗೋಧಿ ಸಿಹಿಯನ್ನೂ ಹೆಚ್ಚಿಸುವುದಿಲ್ಲ, ಜೋರನ್ನೂ ಹೆಚ್ಚಿಸುವುದಿಲ್ಲ. ಈಸ್ಟ್‌ಗೆ ಸ್ವಲ್ಪ ಪೋಷಣೆ ಸಿಗಬಹುದು, ಅಷ್ಟೇ.

ಗೋಣಿಚೀಲ:
“ಬಾಯಿ ಒಣಗುತ್ತದೆ” ಅಂದಿರಲ್ಲ, ಅಲ್ಲೊಂದು ಗೊಂದಲ ಇದೆ. ನಾನೂ ತುಂಬಾ ವರ್ಷ ಹಾಗೇ ತಿಳಿದಿದ್ದೆ. ಬಾಯಿ ಒಣಗಿಸುವುದಕ್ಕೇ ಡ್ರೈ ಅಂತ ಹೆಸರು ಅಂತ. ಅಲ್ಲ. ಡ್ರೈ ಅಂದರೆ ಸಕ್ಕರೆ ಉಳಿದಿಲ್ಲ ಅಂತ ಮಾತ್ರ. ನಾಲಿಗೆ ಒರಟಾಗಿ, ವಸಡಿಗೆ ಬಟ್ಟೆ ಒರೆಸಿದ ಹಾಗೆ ಆಗುತ್ತದಲ್ಲ, ಅದು ದ್ರಾಕ್ಷಿ ಸಿಪ್ಪೆ ಮತ್ತು ಬೀಜದ ಟ್ಯಾನಿನ್. ಕನ್ನಡದಲ್ಲಿ ನಮಗೆ ಅದಕ್ಕೆ ಚಿನ್ನದಂಥ ಪದ ಇದೆ: ಒಗರು. ನೆಲ್ಲಿಕಾಯಿ ಕಚ್ಚಿದಾಗ, ಎಳೇ ಬಾಳೆಕಾಯಿ ಹೆಚ್ಚಿ ಬಾಯಿಗಿಟ್ಟಾಗ, ಹಾಲಿಲ್ಲದ ಕಡುಚಹಾ ಕುಡಿದಾಗ ಆಗುವುದು. ಇಂಗ್ಲಿಷಿನವರು ಸಕ್ಕರೆ ಇಲ್ಲದ್ದಕ್ಕೂ ಡ್ರೈ ಅಂದು, ಬಾಯಿ ಒಣಗಿಸುವುದಕ್ಕೂ ಅದೇ ಪದ ಬಳಸಿ ತಾವೇ ಗೊಂದಲ ಮಾಡಿಕೊಂಡಿದ್ದಾರೆ. ನಾವು ಯಾಕೆ ಹೊತ್ತುಕೊಳ್ಳಬೇಕು?

ನಿಮ್ಮ ಹಳೇ ವೈನಿನಲ್ಲೂ 21 ದಿನ ಸಿಪ್ಪೆ ನೆನೆದಿತ್ತು. ಅಷ್ಟೇ ಒಗರು ಅದರಲ್ಲೂ ಇತ್ತು. 135 ಗ್ರಾಂ ಸಕ್ಕರೆ ಕಂಬಳಿ ಹೊದಿಸಿತ್ತು. ಈ ಸಲ ಕಂಬಳಿ ತೆಗೆದಿದ್ದೀರಿ. ಒಗರೂ ಕಂಡಿತು, ಹುಳಿಯೂ ಕಂಡಿತು. ಕುಶಾಲನಗರದ ಸಂತೆಯಲ್ಲಿ ಸಿಗುವ ಕಪ್ಪು ದ್ರಾಕ್ಷಿ ಹೆಚ್ಚಾಗಿ ಬೆಂಗಳೂರು ಬ್ಲೂ. ಹುಳಿ ಜಾಸ್ತಿಯ ಜಾತಿ ಅದು. ಮಾವನಿಗೆ ಕಾಚಂಪುಳಿ ನೆನಪಾದದ್ದು ಸುಮ್ನೆ ಅಲ್ಲ.

ಒಗರು ಹಾಗೇ ಇರುವುದಿಲ್ಲ. ಗಸಿ ಬಿಟ್ಟು ತಿಳಿ ಎಳೆದುಕೊಂಡು ಬಾಟಲಿಗೆ ತುಂಬಿ ಆರು ತಿಂಗಳು ಮರೆತುಬಿಡಿ. ಮೆತ್ತಗಾಗುತ್ತದೆ. ನಾನಂತೂ ಅಂಥದ್ದನ್ನೇ ಇಷ್ಟಪಡುತ್ತೇನೆ, ಪಾನಕದಂಥ ವೈನ್ ನನಗೆ ಎರಡನೇ ಗುಟುಕಿಗೇ ಸಾಕಾಗುತ್ತದೆ.

ಬೆಂಗಳೂರಿನಿಂದ ಕೊಡಗಿನವ:
ಅಂಗಡಿಯಲ್ಲಿ ಸ್ಪಾರ್ಕ್ಲಿಂಗ್ ಬಾಟಲಿ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಅಂತ ನೋಡಿ ತಂದೆ, ಹೆಸರು ನೋಡಿದರೆ ಕಲ್ಲಿನಂತೆ ಒಣಗಿರಬೇಕು. ಕುಡಿದರೆ ಸಣ್ಣಗೆ ಸಿಹಿ! ಮೋಸ ಅಲ್ವಾ?

ಹಳೇ ಲ್ಯಾಬ್ ಮೇಷ್ಟ್ರು:
ಮೋಸ ಅಲ್ಲ, ಹಳೇ ಹೆಸರಿಡುವ ಗೊಂದಲ. ಗುಳ್ಳೆ ವೈನ್‌ಗೆ ಯೂರೋಪಿನ ಪಟ್ಟಿ ಬೇರೆ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ. ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17. ಅಂದರೆ ಬ್ರೂಟ್‌ಗಿಂತ ಸಿಹಿ. ಬರೀ ‘ಡ್ರೈ’ ಅಥವಾ ‘ಸೆಕ್’ ಅಂತ ಇದ್ದರೆ 17ರಿಂದ 32, ಇನ್ನೂ ಸಿಹಿ. ಡೆಮಿ ಸೆಕ್ 32ರಿಂದ 50. ಒಂದು ಕಾಲದಲ್ಲಿ ಶಾಂಪೇನ್‌ಗೆ ವಿಪರೀತ ಸಕ್ಕರೆ ಹಾಕುತ್ತಿದ್ದರು. ಅದರ ಪಕ್ಕ ಇಟ್ಟು ನೋಡಿದಾಗ ಇದು ಡ್ರೈ ಅನ್ನಿಸಿತ್ತು.

ಗುಳ್ಳೆ ಇಲ್ಲದ ಮಾಮೂಲಿ ವೈನ್‌ಗೆ ಅಲ್ಲಿನ ನಿಯಮ ಸರಳ. ಲೀಟರಿಗೆ 4 ಗ್ರಾಂ ತನಕ ಡ್ರೈ. ಅಂದರೆ ಒಂದು ಲೀಟರಿಗೆ ಒಂದು ಟೀ ಚಮಚ. ಹುಳಿ ಸಾಕಷ್ಟಿದ್ದರೆ 9 ಗ್ರಾಂ ತನಕವೂ ಡ್ರೈ ಅಂತ ಬರೆಯಲು ಬಿಡುತ್ತಾರೆ. ಯಾಕೆಂದರೆ ಹುಳಿ ಸಿಹಿಯನ್ನು ಮುಚ್ಚುತ್ತದೆ, ನಿಂಬೆ ಶರಬತ್ತಿನಲ್ಲಿ ನೋಡಿದ್ದೀರಲ್ಲ. 45 ಗ್ರಾಂ ಮತ್ತು ಅದರ ಮೇಲಿನದು ಸ್ವೀಟ್.

ಬೆಂಗಳೂರಿನಿಂದ ಕೊಡಗಿನವ:
ಹಾಗಾದರೆ ಪೋರ್ಟ್ ವೈನ್ ಅಷ್ಟು ಸಿಹಿ ಇರುತ್ತದಲ್ಲ, ಅವರೂ ನಮ್ಮ ಹಾಗೆ ಸಕ್ಕರೆ ಸುರಿಯುತ್ತಾರಾ?

ಹಳೇ ಲ್ಯಾಬ್ ಮೇಷ್ಟ್ರು:
ಪೋರ್ಚುಗಲ್‌ನ ಅಸಲಿ ಪೋರ್ಟ್‌ಗೆ ಸಕ್ಕರೆ ಹಾಕುವುದಿಲ್ಲ. ಹುದುಗು ಅರ್ಧ ದಾರಿಯಲ್ಲಿ ಇರುವಾಗ ದ್ರಾಕ್ಷಿಯಿಂದಲೇ ಇಳಿಸಿದ ಸ್ಪಿರಿಟ್ ಸುರಿಯುತ್ತಾರೆ. ಅದು ಶೇಕಡಾ 77ರದ್ದು. ಈಸ್ಟ್ ಅಲ್ಲೇ ಸಾಯುತ್ತದೆ, ದ್ರಾಕ್ಷಿಯ ಸಕ್ಕರೆ ಲೀಟರಿಗೆ 100 ಗ್ರಾಂ ಹತ್ತಿರ ಹಾಗೇ ಉಳಿಯುತ್ತದೆ. ಉಣ್ಣುತ್ತಿದ್ದವನನ್ನು ಎಲೆ ಮುಂದಿನಿಂದ ಎಬ್ಬಿಸಿದ ಹಾಗೆ.

ಇನ್ನು ಕೆಲವರು ಊಟವನ್ನೇ ಮುಗಿಯದಷ್ಟು ಮಾಡುತ್ತಾರೆ. ಫ್ರಾನ್ಸಿನ ಸೋಟರ್ನ್ ಸೀಮೆಯಲ್ಲಿ ಬಾಟ್ರಿಟಿಸ್ ಅನ್ನುವ ಬೂಷ್ಟು ದ್ರಾಕ್ಷಿ ಸಿಪ್ಪೆಯಲ್ಲಿ ಸಣ್ಣ ತೂತು ಮಾಡಿ ನೀರು ಆರಿಸುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದ ಬೂಷ್ಟಿನಿಂದ ಅದನ್ನು ಪ್ರಯತ್ನ ಮಾಡಬೇಡಿ ದಯವಿಟ್ಟು. ಜರ್ಮನಿ, ಕೆನಡಾದಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಮೇಲೆ ಕೊಯ್ದು ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಹಿಂದೆ ಉಳಿಯುತ್ತದೆ, ಪಾಕದಂಥ ರಸ ಮಾತ್ರ ಬರುತ್ತದೆ.

ವೀಳ್ಯದೆಲೆ:
ನನ್ನ ಕಥೆ ಉಲ್ಟಾ. ನಾನು ವೀಳ್ಯದೆಲೆ ವೈನ್ ಮಾಡುವವಳು. ಎಲೆಯಲ್ಲಿ ಸಕ್ಕರೆ ಅಂತ ಲೆಕ್ಕಕ್ಕೆ ಬರುವಷ್ಟು ಇಲ್ಲ, ಪೂರ್ತಿ ನಾನೇ ಹಾಕಬೇಕು. ಒಂದು ಸಲ ಒಣದ್ರಾಕ್ಷಿ ಮುಗಿದಿತ್ತು ಅಂತ ಹಾಕದೇ ಮಾಡಿದೆ. ವಾರಕ್ಕೆ ಗುಳ್ಳೆ ನಿಂತಿತು. ಬರೀ ಸಕ್ಕರೆ ಪಾಕ, ಅಮಲೇ ಇಲ್ಲ. ಈಗ ಓದಿದ ಮೇಲೆ ಅನ್ನಿಸುತ್ತಿದೆ, ಅದು ಹೊಟ್ಟೆ ತುಂಬಿ ಎದ್ದದ್ದಲ್ಲ ಅಲ್ವಾ?

ಗೋಣಿಚೀಲ:
ಅಲ್ಲ ಅಕ್ಕ. ಬರೀ ಅನ್ನ ಬಡಿಸಿ ಸಾರು ಪಲ್ಯ ಏನೂ ಕೊಡದಿದ್ದರೆ ಎಷ್ಟು ತಿಂದಾನು? ಈಸ್ಟ್‌ಗೆ ಸಕ್ಕರೆಯ ಜೊತೆ ಸಾರಜನಕ, ವಿಟಮಿನ್ ಬೇಕು. ದ್ರಾಕ್ಷಿ ರಸದಲ್ಲಿ ಅದು ಇರುತ್ತದೆ, ಎಲೆಯ ಕಷಾಯದಲ್ಲಿ ಸಾಲದು. ಒಣದ್ರಾಕ್ಷಿಯಿಂದ ಸ್ವಲ್ಪ ಸಿಗುತ್ತಿತ್ತು. ಈಸ್ಟ್ ಪೋಷಕ ಅಂತಲೇ ಪುಡಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

ಮಂಜಿನೂರು:
ತಮಾಷೆ ಬಿಟ್ಟು ಒಂದು ಅನುಭವ ಹೇಳುತ್ತೇನೆ. ಮಡಿಕೇರಿ ಹತ್ತಿರ ನಮ್ಮ ಮನೆ. ಹೋದ ವರ್ಷ ಪುತ್ತರಿ ಕಳೆದ ಮೇಲೆ ಕಿತ್ತಳೆ ವೈನ್ ಹಾಕಿದೆ. ಡಿಸೆಂಬರ್ ಚಳಿ. ಹತ್ತು ದಿನಕ್ಕೆ ಗುಳ್ಳೆ ನಿಂತಿತು. ರುಚಿ ನೋಡಿದರೆ ಸಿಹಿ ಹದವಾಗಿ ಇತ್ತು. ಆಯ್ತು ಅಂತ ಹನ್ನೆರಡು ಬಾಟಲಿಗೆ ತುಂಬಿ, ಬಿರಡೆ ಗಟ್ಟಿಯಾಗಿ ಒತ್ತಿ ಅಟ್ಟದ ಮೇಲೆ ಇಟ್ಟೆ.

ಮಾರ್ಚ್ ಬಂತು. ಹೂಮಳೆ ಇನ್ನೂ ಬಿದ್ದಿಲ್ಲ, ಹಂಚಿನ ಕೆಳಗೆ ಸೆಕೆ. ಒಂದು ರಾತ್ರಿ ಢಮಾರ್ ಅಂತ ಸದ್ದು. ಪಕ್ಕದ ತೋಟದವರು ನಾವು ಆನೆ ಓಡಿಸಲು ಪಟಾಕಿ ಹೊಡೆದೆವು ಅಂದುಕೊಂಡು ಟಾರ್ಚ್ ಹಿಡಿದು ಬಂದರು. ಅಟ್ಟ ಹತ್ತಿ ನೋಡಿದರೆ ಐದು ಬಾಟಲಿ ಚೂರು. ಕರಿಮೆಣಸಿನ ಚೀಲದ ಮೇಲೆಲ್ಲ ಕಿತ್ತಳೆ ವೈನ್. ಗಾಜು ಹಂಚಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹಗಲು ಹೊತ್ತು ಯಾರಾದರೂ ಅಲ್ಲಿದ್ದಿದ್ದರೆ?

ಗೋಣಿಚೀಲ:
ದೇವರು ದೊಡ್ಡವನು. ಈಸ್ಟ್ ಉಂಡು ಮುಗಿಸಿರಲಿಲ್ಲ, ಚಳಿಗೆ ಮಲಗಿತ್ತು. ಬಿಸಿಲು ಬಂದಾಗ ಎದ್ದು ಮತ್ತೆ ಎಲೆ ಮುಂದೆ ಕೂತಿದೆ. ಗುಳ್ಳೆ ನಿಂತಿತು ಅನ್ನುವುದು ಮುಗಿಯಿತು ಅನ್ನುವುದಕ್ಕೆ ಗುರುತಲ್ಲ, ಅದರಲ್ಲೂ ನಮ್ಮ ಊರಿನ ಚಳಿಯಲ್ಲಿ.

ಹಳೇ ಲ್ಯಾಬ್ ಮೇಷ್ಟ್ರು:
ಅಂಕಿ ಕೇಳಿ. ಮುಚ್ಚಿದ ಬಾಟಲಿಯಲ್ಲಿ ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಮ್ಮಿ ಒಂದು ವಾತಾವರಣದ ಒತ್ತಡ ಹುಟ್ಟುತ್ತದೆ. ಶಾಂಪೇನ್‌ಗೆ ಬೇಕೆಂದೇ 24 ಗ್ರಾಂ ಹಾಕಿ 6 ವಾತಾವರಣ ಬರಿಸುತ್ತಾರೆ, ಅದಕ್ಕೆ ದಪ್ಪ ಗಾಜು, ತಂತಿ ಕಟ್ಟಿದ ಬಿರಡೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2. ನಿಮ್ಮ ಬಾಟಲಿಯಲ್ಲಿ 40 ಗ್ರಾಂ ಉಳಿದಿತ್ತು ಅಂದುಕೊಂಡರೂ ಅದು ತಡೆಯುವ ಮಾತೇ ಅಲ್ಲ.

ಸಿಹಿ ಬೇಕೇ ಬೇಕು ಅಂದರೆ ಮೂರು ದಾರಿ. ಈಸ್ಟ್ ತಡೆಯಲಾರದಷ್ಟು ಸಕ್ಕರೆ ಹಾಕುವುದು, ಅಂದರೆ ಅತ್ತೆಯವರ ದಾರಿ. ಇಲ್ಲವೇ ಪೂರ್ತಿ ಡ್ರೈ ಆಗಲು ಬಿಟ್ಟು, ತಿಳಿ ಎಳೆದು, ಪೊಟ್ಯಾಸಿಯಂ ಸಾರ್ಬೇಟ್ ಮತ್ತು ಮೆಟಾಬೈಸಲ್ಫೈಟ್ ಅನ್ನುವ, ಕೆಡದಂತೆ ಕಾಯುವ ಪುಡಿ ಎರಡನ್ನೂ ಅಳತೆಯಲ್ಲಿ ಹಾಕಿ, ಆಮೇಲೆ ಸಕ್ಕರೆ ಬೆರೆಸುವುದು. ಸಾರ್ಬೇಟ್ ಈಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕಲು ಬಿಡುವುದಿಲ್ಲ. ಹಾಗಾಗಿ ಜೋರಾಗಿ ಹುದುಗುತ್ತಿರುವ ವೈನ್‌ಗೆ ಹಾಕಿ ಪ್ರಯೋಜನ ಇಲ್ಲ. ಮೂರನೆಯದು ಎಲ್ಲಕ್ಕಿಂತ ಸುಲಭ: ಕುಡಿಯುವಾಗ ಲೋಟಕ್ಕೆ ಸಕ್ಕರೆ ಪಾಕ ಹಾಕಿಕೊಳ್ಳುವುದು.

ಕಿಗ್ಗಟ್ಟುನಾಡಿನ ಸೊಸೆ:
ಓದಿ ಎದೆ ಝಲ್ ಅಂತು. ನಾನು ನಾಳೆ ಸಕ್ಕರೆ ಬೆರೆಸಿ ಬಾಟಲಿ ತುಂಬುವವಳಿದ್ದೆ!

ಮಾವನ ಗ್ಲೂಕೋಮೀಟರ್ ಮನೆಯಲ್ಲಿದೆ. ವೈನಿನ ಒಂದು ಹನಿ ಸ್ಟ್ರಿಪ್‌ಗೆ ಹಾಕಿ ನೋಡಿದರೆ ಸಕ್ಕರೆ ಉಳಿದಿದೆಯಾ ಗೊತ್ತಾಗುವುದಿಲ್ಲವಾ?

ಹಳೇ ಲ್ಯಾಬ್ ಮೇಷ್ಟ್ರು:
ಜಾಣ ಯೋಚನೆ, ಆದರೆ ಕೈಕೊಡುತ್ತದೆ. ಆ ಸ್ಟ್ರಿಪ್ ರಕ್ತದ ಗ್ಲೂಕೋಸ್‌ಗೆ ಮಾಡಿದ್ದು. ನಾವು ಹಾಕಿದ ಸಕ್ಕರೆ ಭರಣಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಈಸ್ಟ್‌ಗೆ ಗ್ಲೂಕೋಸ್ ಜಾಸ್ತಿ ಇಷ್ಟ, ಮೊದಲು ಅದನ್ನು ತಿನ್ನುತ್ತದೆ. ಕೊನೆಗೆ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸ್. ಅದೇ ಎರಡರಲ್ಲಿ ಜಾಸ್ತಿ ಸಿಹಿ. ಸ್ಟ್ರಿಪ್ ‘ಇಲ್ಲ’ ಅಂದರೂ ನಾಲಿಗೆ ‘ಇದೆ’ ಅನ್ನಬಹುದು.

ಹೈಡ್ರೋಮೀಟರ್ ತರಿಸಿ. ದ್ರವ ನೀರಿಗಿಂತ ಎಷ್ಟು ಭಾರ ಅಂತ ತೇಲಿ ತೋರಿಸುವ ಗಾಜಿನ ಕಡ್ಡಿ, ಬೆಲೆ ದೊಡ್ಡದಲ್ಲ. ನೀರಿಗೆ ಅದು 1.000 ತೋರಿಸುತ್ತದೆ. ನಿಮ್ಮ ಅಳತೆಗೆ ಮೊದಲ ದಿನ 1.090ರ ಹತ್ತಿರ ತೋರಿಸಬೇಕಿತ್ತು. ಡ್ರೈ ಆದ ಮೇಲೆ 1.000ಕ್ಕಿಂತ ಕೆಳಗೆ, 0.990ರ ಆಸುಪಾಸು. ನೀರಿಗಿಂತ ಆಲ್ಕೋಹಾಲ್ ಹಗುರ ಅಲ್ವಾ. ಒಂದು ವಾರ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಅಂಕಿ ಇದ್ದರೆ ಮುಗಿದಿದೆ ಅಂತ.

ಮಾವನ ವಿಷಯ. ಸಕ್ಕರೆ ಇಲ್ಲದ ವೈನ್ ಅಂದ ಮಾತ್ರಕ್ಕೆ ಶುಗರ್ ಇದ್ದವರಿಗೆ ನಿಶ್ಚಿಂತೆ ಅಂತಲ್ಲ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಆಲ್ಕೋಹಾಲ್‌ನಿಂದ ಶುಗರ್ ಏಕಾಏಕಿ ಇಳಿಯಬಹುದು. ಡಾಕ್ಟರನ್ನು ಕೇಳದೆ ಕೊಡಬೇಡಿ.

ವೀಳ್ಯದೆಲೆ:
ಹಾಲಿನ ಡೈರಿಯವರ ಲ್ಯಾಕ್ಟೋಮೀಟರ್ ಆಗುವುದಿಲ್ಲವಾ? ಮನೆಯಲ್ಲಿ ಇದೆ.

ಹಳೇ ಲ್ಯಾಬ್ ಮೇಷ್ಟ್ರು:
ತತ್ವ ಅದೇ, ಅಳತೆ ಸಾಲದು. ಹಾಲು ನಿಲ್ಲುವುದು 1.030ರ ಹತ್ತಿರ. ನಿಮ್ಮ ಸಕ್ಕರೆ ನೀರಿನಲ್ಲಿ ಅದು ಬುಟ್ಟಿಯ ಹಾಗೆ ತೇಲುತ್ತದೆ, ಡ್ರೈ ವೈನ್‌ನಲ್ಲಿ ಮುಳುಗಿ ಹೋಗುತ್ತದೆ.

ಗೋಣಿಚೀಲ:
ಜೇನು ಸಾಕುವವರು ರಿಫ್ರಾಕ್ಟೋಮೀಟರ್, ಅಂದರೆ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ, ಕೊಡುತ್ತೇವೆ ಅಂದರೂ ಬೇಡ. ಹಣ್ಣಿನ ರಸಕ್ಕೆಂದು ಮಾಡಿದ ರಿಫ್ರಾಕ್ಟೋಮೀಟರ್ ಬೇರೆ ಬರುತ್ತದೆ, ಹುದುಗುವ ಮುಂಚೆ ಅದು ಚೆನ್ನಾಗಿದೆ. ಆಲ್ಕೋಹಾಲ್ ಬಂದ ಮೇಲೆ ಅದೂ ಸುಳ್ಳು ಹೇಳುತ್ತದೆ, ಇಲ್ಲದ ಸಕ್ಕರೆ ತೋರಿಸುತ್ತದೆ.

ಕಿಗ್ಗಟ್ಟುನಾಡಿನ ಸೊಸೆ:
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳುತ್ತೇನೆ. ಮಗ ಹೈಡ್ರೋಮೀಟರ್ ತಂದ. ಉದ್ದ ಲೋಟದಲ್ಲಿ ವೈನ್ ತುಂಬಿ ಇಳಿಬಿಟ್ಟರೆ ಕಡ್ಡಿ ಬುಡಬುಡ ಅಂತ ಕೆಳಗೆ ಹೋಗಿ 0.992ಕ್ಕೆ ನಿಂತಿತು. ವಾರ ಬಿಟ್ಟು ನೋಡಿದೆ, ಮತ್ತೆ 0.992. ಪೂರ್ತಿ ಡ್ರೈ. ಪೈಪ್ ಹಾಕಿ ತಿಳಿ ಎಳೆದು ಆರು ಬಾಟಲಿ ತುಂಬಿ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದೇನೆ. ಸಕ್ಕರೆ ಒಂದು ಕಾಳೂ ಹಾಕಿಲ್ಲ.

ಉಳಿದ ಅರ್ಧ ಬಾಟಲಿಯನ್ನು ಭಾನುವಾರ ಪಂದಿ ಕರಿ ಜೊತೆ ತೆಗೆದೆವು. ವಿಚಿತ್ರ ನೋಡಿ, ಬರೀ ಬಾಯಿಗೆ ಹುಳಿ ಹುಳಿ ಅನ್ನಿಸಿದ್ದು ಊಟದ ಜೊತೆ ಅಷ್ಟು ಹುಳಿ ಇರಲಿಲ್ಲ. ಒಗರೂ ಇಳಿದಿತ್ತು.

ಗೋಣಿಚೀಲ:
ಕರಿಯಲ್ಲಿ ಕಾಚಂಪುಳಿ ಇತ್ತಲ್ಲ. ಊಟ ವೈನ್‌ಗಿಂತ ಹುಳಿ ಇದ್ದರೆ ವೈನ್ ಹುಳಿ ಕಾಣುವುದಿಲ್ಲ. ಕೊಬ್ಬಿನ ಮಾಂಸ ಒಗರನ್ನು ಮೆತ್ತಗೆ ಮಾಡುತ್ತದೆ. ಮಾವ ಏನಂದರು?

ಕಿಗ್ಗಟ್ಟುನಾಡಿನ ಸೊಸೆ:
ಡಾಕ್ಟರ್ ಊಟದ ಜೊತೆ ಒಂದು ಸಣ್ಣ ಲೋಟಕ್ಕೆ ಒಪ್ಪಿದ್ದಾರೆ. ಮಾವ ಪೂರ್ತಿ ಕುಡಿದು ಲೋಟ ತಿರುಗಿಸಿ ನೋಡಿ, “ಕಾಚಂಪುಳಿ ಸ್ವಲ್ಪ ಸುಧಾರಿಸಿದೆ” ಅಂದರು. ಮುಂದಿನ ವರ್ಷಕ್ಕೆ ಮಾತ್ರ ಅತ್ತೆ ಅಳತೆಯಲ್ಲೇ ಒಂದು ಸಣ್ಣ ಭರಣಿ ಬೇರೆ ಹಾಕಬೇಕಂತೆ, ನೆಂಟರಿಗೆ.